ಪಂಕ್ತಿಯ ತುದಿಯ ಎಲೆ

ಹಿರಿಯರು ಕಟ್ಟಿದ ಮಠಗಳಿಗೆ ಒಂದೊಂದು ರೂಢಿ ಇರುತ್ತದೆ. ಮಲಪ್ರಭೆಯ ದಂಡೆಯ ಮೇಲಿದ್ದ ಈ ಮಠದ ರೂಢಿ ಇದು: ಅಡುಗೆ ಮಾಡಿದವರು ಕೊಪ್ಪರಿಗೆಯ ಪಕ್ಕದಲ್ಲಿ ಕೂತು ಉಣ್ಣುವಂತಿಲ್ಲ. ಪಂಕ್ತಿಯ ತುದಿಯ ಎಲೆಗೆ ಹೋಗಿ ಕೂರಬೇಕು.

ಸಾರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆರಿತೋ, ಅನ್ನ ತೀರಿತೋ, ಅವರ ಬಾಯಿಗೇ ಗೊತ್ತಾಗಬೇಕು.

ಮಠದ ಗುರುಗಳು ಅಡವಯ್ಯಜ್ಜ. ಅವರಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಬಡಿಸುವುದು ಬರುತ್ತಿತ್ತು.

ಶಿಷ್ಯ ಫಕೀರೇಶನಿಗೆ ಕಂಪ್ಯೂಟರ್ ಬರುತ್ತಿತ್ತು.

ಮಠದಲ್ಲಿ ಮಕ್ಕಳಿಗಾಗಿ ಒಂದು ಪ್ರಸಾದ ನಿಲಯವಿತ್ತು. ದೀಪಾವಳಿ ಕಳೆದ ಮೇಲೆ ಸುತ್ತಲಿನ ಊರುಗಳ ಜನ ಗುಂಪು ಕಟ್ಟಿಕೊಂಡು ದೂರದ ಸೀಮೆಗೆ ಕಬ್ಬು ಕಡಿಯಲು ಹೋಗುತ್ತಾರೆ. ಆ ಗುಂಪಿಗೆ ಗ್ಯಾಂಗು ಅನ್ನುತ್ತಾರೆ. ಗ್ಯಾಂಗಿನ ಮಕ್ಕಳು ನಿಲಯದಲ್ಲಿ ಉಳಿದರೆ ಶಾಲೆಗೆ ಹೋಗುತ್ತಾರೆ. ಉಳಿಯದಿದ್ದರೆ ಗಾಡಿ ಹತ್ತುತ್ತಾರೆ. ಗಾಡಿ ಹತ್ತಿದ ಮಗು ತಿರುಗಿ ಶಾಲೆಯ ಮೆಟ್ಟಿಲು ಹತ್ತಿದ್ದು ಅಪರೂಪ.

ನಿಲಯದಲ್ಲಿ ನೂರಿಪ್ಪತ್ತು ಹಾಸಿಗೆ. ಕಾಗದದ ಅರ್ಜಿ ಅಂಚೆಯಲ್ಲಿ ಬಂದು ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಗಾಡಿ ಹೊರಟೇ ಹೋಗಿರುತ್ತಿತ್ತು. ಅದಕ್ಕೇ ಈ ವರ್ಷ ಅರ್ಜಿಯನ್ನು ಮಠದ ವೆಬ್‌ಸೈಟಿನಲ್ಲಿ ತುಂಬಬೇಕೆಂದು ಗೊತ್ತುಮಾಡಿದರು. ಯಾವ ಊರಿನಿಂದಾದರೂ ಫೋನಿನಲ್ಲೇ ತುಂಬಬಹುದು. ಭಾನುವಾರ ಸಂಜೆ ಕೊನೆ. ಸೋಮವಾರ ಗಾಡಿಗಳು ಹೊರಡುತ್ತವೆ.

ವೆಬ್‌ಸೈಟ್ ಕಟ್ಟಿದವನು ಫಕೀರೇಶ. ಎರಡು ತಿಂಗಳು ಕೂತು ಕಟ್ಟಿದ. ತೆರೆದ ಕೂಡಲೇ ದೀಪ ಹೊತ್ತುತ್ತಿತ್ತು. ಗಂಟೆ ಬಾರಿಸುತ್ತಿತ್ತು. ಮಠದ ಹೆಸರು ಕಮಲದ ಎಸಳಿನಂತೆ ಒಂದೊಂದೇ ಅಕ್ಷರವಾಗಿ ಅರಳುತ್ತಿತ್ತು.

ತನ್ನ ದೊಡ್ಡ ಹೊಸ ಕಂಪ್ಯೂಟರಿನ ಮುಂದೆ ಅಜ್ಜನನ್ನು ಕೂರಿಸಿ ತೋರಿಸಿದ.

"ಹ್ಯಾಂಗೈತ್ರಿ ಅಜ್ಜಾರ?"

"ಚಂದ ಐತಿ. ತುದಿ ಎಲಿ ಮ್ಯಾಲೆ ಕುಂತು ನೋಡಿದಿ?"

"ಅದು ಊಟಕ್ಕಾತ್ರಿ. ಇದು ವೆಬ್‌ಸೈಟ್."

ಅಜ್ಜ ನಕ್ಕರು. ಎದ್ದು ಅಡುಗೆಮನೆಯ ಕಡೆ ಹೋದರು.

ಒಂಬತ್ತು ದಿನ ಕಳೆಯಿತು. ಬಂದ ಅರ್ಜಿ ಹದಿನಾಲ್ಕು.

ನಿಲಯ ನೋಡಿಕೊಳ್ಳುವ ಹಿರಿಯ ಸಂಗನಬಸಪ್ಪನವರು ಪಂಕ್ತಿಯಲ್ಲೇ ಎಲ್ಲರಿಗೂ ಕೇಳುವಂತೆ ಅಂದರು, "ಹಿಂದಕ ಕಾಗದ ತಡಾ ಆಗಿ ಬರ್ತಿದ್ವು. ನಮ್ಮ ಫಕೀರೇಶ ಸುಧಾರಣೆ ಮಾಡ್ಯಾನ. ಈಗ ತಡಾನೂ ಇಲ್ಲ, ಕಾಗದಾನೂ ಇಲ್ಲ!"

ಎಲ್ಲರೂ ನಕ್ಕರು. ಫಕೀರೇಶನ ಕಿವಿ ಕೆಂಪಾಯಿತು.

"ಜನಕ್ಕ ಬ್ಯಾಡಾಗಿರಬೇಕ್ರಿ," ಅಂದ.

ಅಡವಯ್ಯಜ್ಜ ಅವನ ಎಲೆಗೆ ಉಪ್ಪು ಬಡಿಸುತ್ತಿದ್ದರು. "ಎಲಿ ಹಂಗ ಉಳದರ ಉಣ್ಣಾವರ ಹಸಿವಿನ ಮ್ಯಾಲೆ ಸಂಶಯ ಪಡಬ್ಯಾಡ," ಅಂದರು. "ಮೊದಲ ಬಡಿಸಿದ ಕೈ ನೋಡಿಕೋ."

ಶುಕ್ರವಾರ ಬೆಳಿಗ್ಗೆ ಒಬ್ಬ ಹೆಂಗಸು ಮಠಕ್ಕೆ ನಡೆದು ಬಂದಳು. ಹೆಸರು ದ್ಯಾಮವ್ವ. ಹದಿನೆಂಟು ಕಬ್ಬಿನ ಹಂಗಾಮು ಕಂಡ ಕೈ. ಆ ಕೈಯಲ್ಲಿ ಗಾಜು ಸೀಳಿದ ಒಂದು ಫೋನು.

"ಮಠ ಬರೇ ಬೆಳ್ಳಗ ಕಾಣತೈತ್ರಿ," ಅಂದಳು. "ಸುಣ್ಣ ಹಚ್ಚಿದ ಗ್ವಾಡಿ ಹಂಗ. ಮೊಮ್ಮಗಳ ಅರ್ಜಿ ತುಂಬಾಕ ಮೂರು ದಿನಾ ಒತ್ತಿ ಒತ್ತಿ ನೋಡಿದೆ. ಗ್ವಾಡೀನ ಬರ್ತೈತಿ, ಬಾಗಲಾ ಬರವಲ್ದು."

ಫಕೀರೇಶ ಫೋನು ತಗೊಂಡು ನೋಡಿದ. ಪುಟ ಬಿಳಿಯಾಗಿತ್ತು. ದೀಪವಿಲ್ಲ, ಗಂಟೆಯಿಲ್ಲ, ಒಂದು ಅಕ್ಷರವೂ ಇಲ್ಲ.

"ನಿನ್ನ ಬ್ರೌಸರ್ ಹಳೇದೈತಿ ಯವ್ವಾ."

"ಹಂಗಂದರ ಏನಪಾ?"

"ವೆಬ್‌ಸೈಟ್ ಓದಿ ತೋರಿಸೋದಕ್ಕ ಬ್ರೌಸರ್ ಅಂತಾರ. ನಾ ಬರದದ್ದು ಒಂದ. ಆದರ ಒಂದೊಂದು ಬ್ರೌಸರ್ ಅದನ್ನ ಒಂದೊಂದು ತರಾ ಓದತೈತಿ. ನಿನ್ನದಕ್ಕ ನನ್ನ ಮಾತು ತಿಳಿಯಂಗಿಲ್ಲ."

"ತಿಳಿಯೋ ಹಂಗ ಮಾತಾಡಲಾ ತಮ್ಮಾ!"

ಫಕೀರೇಶ ಫೋನನ್ನು ಅವಳತ್ತ ಚಾಚಿದ. "ಹೊಸಾ ಬ್ರೌಸರ್ ಹಾಕಿಸಿಕೊಂಡು ಬಾ," ಅಂದ.

"ಈ ಫೋನಿಗೆ ಹೊಸಾದು ಏನೂ ಹತ್ತಂಗಿಲ್ಲಂತ. ಅಂಗಡಿಯಾಂವ ಹೇಳಿದ."

"ಹಂಗಾರ ನಿನ್ನ ಮೊಮ್ಮಗಳ ಹೆಸರು ಹೇಳು. ನಾನ ಇಲ್ಲಿ ತುಂಬತೀನಿ."

ದ್ಯಾಮವ್ವ ಫೋನು ತಿರುಗಿ ಇಸಿದುಕೊಂಡಳು. "ನನ್ನ ಹುಲಿಗೆವ್ವಂದು ತುಂಬತಿ. ನನ್ನ ಗ್ಯಾಂಗಿನಾಗ ಇಪ್ಪತ್ತೆರಡು ಹುಡುಗರು ಅದಾವ. ಅವರ ಮನೀಯವರೆಲ್ಲಾರ ಕಡೆ ಇಂಥಾವ ಫೋನು. ನಮ್ಮಂಥಾ ಗ್ಯಾಂಗು ಎಷ್ಟದಾವು ನಿನಗ ಗೊತ್ತೇನು? ಎಲ್ಲಾರೂ ಗ್ವಾಡಿ ನೋಡಕೋಂತ ಕುಂತಾರ."

ಹಾಗೆಂದು ಅಡುಗೆಮನೆಯ ಕಟ್ಟೆಯ ಮೇಲೆ ಹೋಗಿ ಕೂತಳು. ಅಕ್ಕಿಯ ಮೊರ ಎಳೆದುಕೊಂಡು ಹರಳು ಆರಿಸತೊಡಗಿದಳು.

"ಯವ್ವಾ, ಊರಿಗೆ ಹೋಗಂಗಿಲ್ಲೇನು?"

"ಈ ಗ್ವಾಡಿಗೆ ಬಾಗಲಾ ಬರೋತನಕ ನಾ ಏಳಂಗಿಲ್ಲ."

ಫಕೀರೇಶ ಕಂಪ್ಯೂಟರಿನ ಮುಂದೆ ಕೂತ. ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಸಿದ. ಹಳೆಯ ಬ್ರೌಸರ್ ಇದ್ದವರಿಗೆ ಇನ್ನು ಬಿಳಿ ಪುಟ ಕಾಣುತ್ತಿರಲಿಲ್ಲ. ದಪ್ಪ ಅಕ್ಷರಗಳಲ್ಲಿ ಒಂದು ಸೂಚನೆ ಕಾಣುತ್ತಿತ್ತು: 'ದಯವಿಟ್ಟು ಹೊಸ ಬ್ರೌಸರಿನಲ್ಲಿ ತೆರೆಯಿರಿ.'

ಅಜ್ಜನಿಗೆ ಅದನ್ನು ಓದಿ ಹೇಳಿದ. ಅಜ್ಜ ತಲೆಯಾಡಿಸಿದರು.

ಮಧ್ಯಾಹ್ನ ಪ್ರಸಾದದ ಗಂಟೆಗೆ ಮುಂಚೆ ಫಕೀರೇಶ ಹಸಿದು ಬಂದ. ಊಟದ ಮನೆಯ ಬಾಗಿಲಿಗೆ ಒಂದು ಹಲಗೆ ತೂಗುಹಾಕಿತ್ತು. ಅದರ ಮೇಲೆ ಅಜ್ಜನ ಕೈಬರಹ: 'ದಯವಿಟ್ಟು ಬೆಳ್ಳಿ ತಾಟು ತರಬೇಕು.'

ಬಾಗಿಲಲ್ಲಿ ಅಜ್ಜನೇ ನಿಂತಿದ್ದರು.

"ಅಜ್ಜಾರ, ನನ್ನ ಕಡೆ ಬೆಳ್ಳಿ ತಾಟು ಎಲ್ಲೈತ್ರಿ?"

"ತಗೊಂಡು ಬಾ. ನಾವೇನು ಬ್ಯಾಡ ಅಂದೇವೇನು? ದಯವಿಟ್ಟು ಅಂತ ಬರದೀವಲ್ಲ."

ಫಕೀರೇಶ ಹಲಗೆಯನ್ನು ಮತ್ತೊಮ್ಮೆ ಓದಿದ.

ಅಜ್ಜ ಕೇಳಿದರು, "ನೀ ಗಾಡಿ ಇಳಿದು ಈ ಮಠಕ್ಕ ಬಂದಾಗ ನಿನ್ನ ಕೈಯಾಗ ಏನಿತ್ತು?"

ಫಕೀರೇಶನೂ ಒಂದು ಕಾಲಕ್ಕೆ ಗ್ಯಾಂಗಿನ ಮಗುವೇ. ಅವನಿಗೆ ಆಗ ಏಳು ವರ್ಷ.

"ಏನೂ ಇರಲಿಲ್ರಿ."

"ಎದರಾಗ ಉಂಡಿ?"

"ಎಲಿ ತೀರಿದ್ವು. ಬೊಗಸಿ ಒಡ್ಡಿದ್ದೆ. ನೀವ ಬಡಿಸಿದ್ರಿ."

ಅಜ್ಜ ಹೆಗಲ ಮೇಲಿನ ವಸ್ತ್ರದಿಂದ ಹಲಗೆಯನ್ನು ಒರೆಸಿದರು. ಗಂಟೆ ಬಾರಿಸಿದರು.

ಊಟವಾದ ಕೂಡಲೇ ಫಕೀರೇಶ ಸೂಚನೆಯನ್ನು ಅಳಿಸಿದ. ಮತ್ತೊಂದು ಉಪಾಯ ಹೂಡಿದ. ಒಂದೊಂದು ಬ್ರೌಸರಿಗೆ ಒಂದೊಂದು ಪುಟ. ಬಂದವರನ್ನು ಬಾಗಿಲಲ್ಲೇ 'ನಿನ್ನ ಹೆಸರೇನು' ಎಂದು ಕೇಳುವುದು, ಹೆಸರು ನೋಡಿ ಅವರವರ ಪುಟಕ್ಕೆ ಕಳಿಸುವುದು. ಸಂಜೆಯ ತನಕ ದುಡಿದ. ಹನ್ನೊಂದು ಪುಟಗಳಾದವು.

ದ್ಯಾಮವ್ವನ ಫೋನಿನಲ್ಲಿ ಮತ್ತೆ ಗೋಡೆಯೇ ಬಂತು.

ಶನಿವಾರ ಬೆಳಗಿನ ಜಾವ ಹೊಳೆಯಲ್ಲಿ ಅಜ್ಜ ಬಟ್ಟೆ ಹಿಂಡುತ್ತಿದ್ದರು. ಫಕೀರೇಶ ಹೋಗಿ ಪಾವಟಿಗೆಯ ಮೇಲೆ ಕುಸಿದು ಕೂತ.

"ಸುಳ್ಳು ಹೇಳತಾವ್ರಿ ಅಜ್ಜಾರ! ಒಂದು ಬ್ರೌಸರ್ ಇನ್ನೊಂದರ ಹೆಸರು ಹೇಳಿ ಒಳಗ ಬರ್ತೈತಿ. ಅದನ್ನ ನಂಬಿ ತಪ್ಪು ಪುಟಕ್ಕ ಕಳಿಸಿದೆ."

"ಹೆಸರ್ಯಾಕ ಬದಲಿ ಹೇಳತಾವ?"

"ಹಿಂದಕ ಎಷ್ಟೋ ವೆಬ್‌ಸೈಟಿನವರು ಹೆಸರು ನೋಡಿ ಬಾಗಲಾ ಹಾಕತಿದ್ರಂತ. ಒಳಗ ಬರಬೇಕಂದರ ದೊಡ್ಡವರ ಹೆಸರು ಹೇಳಬೇಕಾತು. ಹಂಗ ರೂಢಿ ಆತು."

ಅಜ್ಜ ಧೋತರದ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಹಿಂಡಿದರು.

"ಬಾಗಲಾ ಹಾಕಿದಾಂವನ ಪಾಪಾನ ಹೆಸರು ಬದಲಿಸಿದಾಂವನ ತಲೀಗೆ ಕಟ್ಟಬ್ಯಾಡ," ಅಂದರು ಅಜ್ಜ. "ಇಷ್ಟು ವರ್ಷ ನೀ ನಮ್ಮ ಪಂಕ್ತಿಯೊಳಗ ಬಡಿಸಿದಿ. ಎಂದಾದ್ರೂ ಯಾರನ್ನಾದ್ರೂ ಹೆಸರು ಕೇಳಿದಿ?"

"ಇಲ್ರಿ. ಕುಲಾನೂ ಕೇಳಂಗಿಲ್ಲ, ಹೆಸರೂ ಕೇಳಂಗಿಲ್ಲ."

"ಮತ್ತ ಹ್ಯಾಂಗ ಬಡಸ್ತಿ?"

"ಎಲಿ ನೋಡಿ ಬಡಸ್ತೀನ್ರಿ. ದೊಡ್ಡದಿದ್ದರ ಜಾಸ್ತಿ. ಹರದಿದ್ದರ ಸಾರು ಕಮ್ಮಿ."

ಅಷ್ಟು ಹೇಳಿ ಫಕೀರೇಶ ಹಿಂಡುವುದನ್ನು ನಿಲ್ಲಿಸಿದ.

"ಧೋತರ ಬಿಡಬ್ಯಾಡೋ," ಅಂದರು ಅಜ್ಜ. "ಹೊಳೀ ಪಾಲಾದೀತು."

ಫಕೀರೇಶ ಓಡಿಹೋಗಿ ಹೆಸರು ಕೇಳುವ ಬಾಗಿಲನ್ನು ಕಿತ್ತುಹಾಕಿದ. ಹನ್ನೊಂದು ಪುಟ ಮತ್ತೆ ಒಂದಾಯಿತು. ಹೆಸರು ಕೇಳುವ ಬದಲು ಬಂದ ಬ್ರೌಸರಿಗೆ ಏನೇನು ಬರುತ್ತದೆ ಎಂದು ಕೇಳಿ ನೋಡುವಂತೆ ಬರೆದ. ದೀಪ ಹಚ್ಚಲು ಬರುತ್ತದೆಯೇ? ಗಂಟೆ ಬಾರಿಸಲು ಬರುತ್ತದೆಯೇ?

ಆದರೂ ದ್ಯಾಮವ್ವನ ಫೋನಿನಲ್ಲಿ ಗೋಡೆ ಕದಲಲಿಲ್ಲ.

"ಇವತ್ತು ಶನಿವಾರ ತಮ್ಮಾ," ಅಂದಳು ದ್ಯಾಮವ್ವ, ಮೊರದಿಂದ ತಲೆ ಎತ್ತದೆ. "ನಾ ಆರಿಸಿದ ಅಕ್ಕಿ ಒಂದು ವಾರದ ಪ್ರಸಾದಕ್ಕಾತು. ನಿನ್ನ ಬಾಗಲಾ ಇನ್ನೂ ಆಗಲಿಲ್ಲ."

ಮಧ್ಯಾಹ್ನ ಅಜ್ಜ ಫಕೀರೇಶನನ್ನು ಪಂಕ್ತಿಯ ತುದಿಯಲ್ಲಿ ಕೂರಿಸಿದರು. ಅವನ ಮುಂದೆ ಒಂದು ಸಣ್ಣ ಮುತ್ತುಗದ ಎಲೆ ಹಾಕಿದರು. ಬಾಳೆ ಎಲೆಯಲ್ಲ, ಹೊಲಿದ ಪತ್ರಾವಳಿಯೂ ಅಲ್ಲ. ಅಂಗೈ ಅಗಲದ ಒಂಟಿ ಎಲೆ.

ಸಾರಿನ ಸೌಟು ತಗೊಂಡು ಬಂದು ನೇರ ಎಲೆಯ ಮೇಲೆ ಸುರಿದರು.

ಸಾರು ಹರಿದು ಫಕೀರೇಶನ ತೊಡೆಯ ಮೇಲೆ ಬಂತು.

"ಅಯ್ಯಯ್ಯ! ಸುಡತೈತ್ರಿ!"

"ಎಲಿ ಹಳೇದಿರಬೇಕು," ಅಂದರು ಅಜ್ಜ. ಇನ್ನೊಂದು ಸೌಟು ಎತ್ತಿದರು.

"ಎಲಿದೇನು ತಪ್ಪು ಅಜ್ಜಾರ? ಮೊದಲ ಅನ್ನ ಹಾಕಬೇಕು! ಅನ್ನದ ನಡುವ ಗುಳಿ ಮಾಡಬೇಕು. ಆಮ್ಯಾಲೆ ಸಾರು ಬಿಟ್ಟರ ಎಂಥಾ ಎಲಿಯೊಳಗೂ ನಿಲ್ಲತೈತಿ. ಸಾರು ಹರದರೂ ಅನ್ನಾದ್ರೂ ಉಳೀತೈತಿ!"

ಕಟ್ಟೆಯ ಮೇಲೆ ದ್ಯಾಮವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಅಜ್ಜ ಸೌಟನ್ನು ಕೆಳಗಿಟ್ಟರು. "ಗೊತ್ತೈತಲ್ಲ ನಿನಗ," ಅಂದರು.

ಫಕೀರೇಶ ಒದ್ದೆ ಧೋತರದಲ್ಲೇ ಎದ್ದು ನಡೆದ.

ಅವನು ಕಟ್ಟಿದ ವೆಬ್‌ಸೈಟಿನಲ್ಲಿ ಅಕ್ಷರಗಳನ್ನೂ ಅರ್ಜಿಯನ್ನೂ ಬರೆಯುವ ಕೆಲಸ ದೀಪ ಹಚ್ಚುವ ಸ್ಕ್ರಿಪ್ಟಿಗೇ, ಎಂದರೆ ಬ್ರೌಸರಿಗೆ ಕೊಡುವ ಆಜ್ಞೆಗಳ ಪಟ್ಟಿಗೇ, ಸೇರಿತ್ತು. ಹಳೆಯ ಬ್ರೌಸರ್ ಆ ಸ್ಕ್ರಿಪ್ಟಿನಲ್ಲಿ ಗೊತ್ತಿಲ್ಲದ ಒಂದು ಪದ ಕಂಡು ಅಲ್ಲೇ ನಿಂತುಬಿಡುತ್ತಿತ್ತು. ದೀಪ ಹೊತ್ತದಿದ್ದರೆ ಹೋಗಲಿ, ಅದರ ಜೊತೆ ಅರ್ಜಿಯೂ ಹೋಗುತ್ತಿತ್ತು. ಅನ್ನವನ್ನೇ ಅವನು ಸಾರಿನಲ್ಲಿ ತೇಲಿಬಿಟ್ಟಿದ್ದ.

ಎರಡು ತಿಂಗಳು ಕಟ್ಟಿದ್ದನ್ನು ಬದಿಗಿಟ್ಟು ಮೊದಲಿನಿಂದ ಬರೆದ. ಮೊದಲು ಬರೀ ಅಕ್ಷರ: ಮಠದ ಹೆಸರು, ಮಗುವಿನ ಹೆಸರು, ಊರು, ಗ್ಯಾಂಗಿನ ಹೆಸರು, ಒತ್ತಲು ಒಂದು ಗುಂಡಿ. ಜಗತ್ತಿನಲ್ಲಿ ಯಾವ ಬ್ರೌಸರಿಗೂ ಓದಲು ಬರುವಂಥದ್ದು. ಅದರ ಮೇಲೆ ಬಣ್ಣ. ಬಣ್ಣ ತಿಳಿಯದ ಬ್ರೌಸರ್ ಅದನ್ನು ದಾಟಿ ಮುಂದೆ ಹೋಗುತ್ತದೆ. ಎಲ್ಲಕ್ಕೂ ಕೊನೆಗೆ ದೀಪ, ಗಂಟೆ, ಅರಳುವ ಅಕ್ಷರ. ಎಲೆ ಹಿಡಿಸಿದಷ್ಟು.

ಭಾನುವಾರ ಬೆಳಿಗ್ಗೆ ಕೆಲಸ ಮುಗಿಯಿತು. ತನ್ನ ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತದೆ ಎಂದು ನೋಡಲು ಕೈ ಚಾಚಿದ. ಕೈ ಹಿಂದೆ ತೆಗೆದುಕೊಂಡ. ಎದ್ದು ಅಡುಗೆಮನೆಗೆ ಹೋಗಿ ದ್ಯಾಮವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಯವ್ವಾ, ನಿನ್ನ ಫೋನಿನಾಗ ನೋಡೂಣು."

ದ್ಯಾಮವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು.

ಬಿಳಿ ಗೋಡೆ ಬಂತು.

ಫಕೀರೇಶ ಫೋನಿನತ್ತ ಬಗ್ಗಿದ.

ಗೋಡೆಯ ಮೇಲೆ ಮಠದ ಹೆಸರು ಮೂಡಿತು. ಅದರ ಕೆಳಗೆ ಒಂದು ಸಾಲು. ಮತ್ತೊಂದು ಸಾಲು. ಕೊನೆಗೆ ಗುಂಡಿ.

ದೀಪವಿಲ್ಲ. ಗಂಟೆಯಿಲ್ಲ. ಫಕೀರೇಶನಿಗೆ ನಾಚಿಕೆಯಾಯಿತು. "ಭಾಳ ಸಾದಾ ಐತಿ ಯವ್ವಾ," ಅಂದ.

ದ್ಯಾಮವ್ವ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಹು. ಲಿ. ಗೆ. ವ್ವ.

ಊರು, ಗ್ಯಾಂಗು ತುಂಬಿ ಗುಂಡಿ ಒತ್ತಿದಳು.

'ಅರ್ಜಿ ಮುಟ್ಟಿತು. ಸಂಖ್ಯೆ ಹದಿನೈದು.'

ದ್ಯಾಮವ್ವ ಎರಡು ಸಲ ಓದಿದಳು. ಫೋನನ್ನು ಹಣೆಗೆ ಒತ್ತಿಕೊಂಡಳು. ಆಮೇಲೆ ಎದ್ದು ನಿಂತು, ಅದೇ ಫೋನಿನಲ್ಲಿ ತನ್ನ ಗ್ಯಾಂಗಿನವರಿಗೆ ಹೊಳೆಯಾಚೆಗೂ ಕೇಳುವ ಹಾಗೆ ಕೂಗಿ ಹೇಳಿದಳು, "ಏ ಲಗಮಪ್ಪಾ! ಬಾಗಲಾ ತೆರದೈತಿ! ಒತ್ತರ‍್ಯೋ! ಎಲ್ಲಾರಿಗೂ ಹೇಳರ‍್ಯೋ!"

ಮಧ್ಯಾಹ್ನದ ಪಂಕ್ತಿ ಏಳುವ ಹೊತ್ತಿಗೆ ಅರ್ಜಿ ನಲವತ್ತು ದಾಟಿತು.

ಸಂಗನಬಸಪ್ಪನವರು ಕೈ ತೊಳೆದವರೇ ಕಂಪ್ಯೂಟರಿನ ಮುಂದೆ ಬಂದು ಕೂತರು. ಒಂದೊಂದು ಅರ್ಜಿ ಬಂದ ಹಾಗೆ ಗಟ್ಟಿಯಾಗಿ ಓದತೊಡಗಿದರು. ಗುಡಿಯ ಕಟ್ಟೆಯ ಮೇಲೆ ಕೂತು ಯಾರೋ ತುಂಬಿದ್ದರು. ಚಹಾದಂಗಡಿಯ ಮುದಿ ಕಂಪ್ಯೂಟರಿನಿಂದ ಯಾರೋ ತುಂಬಿದ್ದರು. ಒಂದು ದಿನ ಮೊದಲೇ ಹೊರಟು ಅರ್ಧ ದಾರಿ ಹೋಗಿದ್ದ ಒಂದು ಗ್ಯಾಂಗು ಗಾಡಿ ನಿಲ್ಲಿಸಿ ಒಂಬತ್ತು ಮಕ್ಕಳ ಹೆಸರು ತುಂಬಿತು.

"ಐವತ್ತೆಂಟು! ಐವತ್ತೊಂಬತ್ತು! ಏ ಫಕೀರೇಶಾ, ಇದೇನು ಹೊಳೀ ಬಂದಂಗ ಬರಾಕ ಹತ್ಯಾವಲ್ಲೋ!"

ನೂರು ದಾಟಿದಾಗ ಅಡುಗೆಮನೆಯವರು ಸೌಟು ಹಿಡಿದುಕೊಂಡೇ ಬಂದು ನಿಂತರು. ನೂರಿಪ್ಪತ್ತಾದಾಗ ದ್ಯಾಮವ್ವ ಅಕ್ಕಿಯ ಮೊರವನ್ನೇ ಜಾಗಟೆ ಮಾಡಿ ಬಡಿದಳು. ಸಂಗನಬಸಪ್ಪನವರು ಟೋಪಿ ತೆಗೆದು ಫಕೀರೇಶನ ತಲೆಯ ಮೇಲಿಟ್ಟರು.

ಸಂಜೆ ಅರ್ಜಿ ನಿಂತಾಗ ಎಣಿಕೆ ನೂರಾ ನಲವತ್ತಮೂರು.

ಸಂಗನಬಸಪ್ಪನವರ ದನಿ ಇಳಿಯಿತು. "ಹಾಸಿಗಿ ನೂರಿಪ್ಪತ್ತು ಅದಾವ್ರಿ ಅಜ್ಜಾರ."

"ನನ್ನ ಕೋಣಿ ಐತಿ. ಪುರಾಣದ ಮಂಟಪ ಐತಿ," ಅಂದರು ಅಡವಯ್ಯಜ್ಜ. "ಪಂಕ್ತಿ ಉದ್ದ ಮಾಡ್ರಿ."

ಆಗ ಫಕೀರೇಶ ತನ್ನ ದೊಡ್ಡ ಕಂಪ್ಯೂಟರಿನಲ್ಲಿ ಮೊದಲ ಸಲ ಆ ಪುಟವನ್ನು ತೆರೆದ. ದೀಪ ಹೊತ್ತಿತು. ಗಂಟೆ ಬಾರಿಸಿತು. ಮಠದ ಹೆಸರು ಒಂದೊಂದೇ ಎಸಳಾಗಿ ಅರಳಿತು. ದ್ಯಾಮವ್ವನ ಫೋನಿನಲ್ಲಿ ಮೂಡಿದ್ದ ಅದೇ ಪುಟ.

"ನೋಡ್ರಿ ಅಜ್ಜಾರ, ದೊಡ್ಡ ಎಲಿಗೆ ಸಿಹಿ ಹುಗ್ಗೀನೂ ಮುಟ್ಟೈತಿ!"

"ಹುಗ್ಗಿ ಇರಲಿ. ನೀ ಉಂಡಿಯೇನು?"

ಫಕೀರೇಶ ಮುಂಜಾನೆಯಿಂದ ಉಂಡಿರಲಿಲ್ಲ. ಅದು ಅವನಿಗೆ ಈಗ ನೆನಪಾಯಿತು.

ಅಂದು ಸಂಜೆಯ ಪ್ರಸಾದಕ್ಕೆ ಮಠದ ಅಂಗಳದ ತನಕ ಪಂಕ್ತಿ ಹಾಸಿದರು. ಮಕ್ಕಳನ್ನು ಬಿಡಲು ಬಂದವರು, ಸುದ್ದಿ ಕೇಳಿ ಬಂದವರು, ಎಲ್ಲರೂ ಕೂತರು. ಹುಲಿಗೆವ್ವ ಅಜ್ಜಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹುಗ್ಗಿಗೆ ಎರಡು ಸಲ ಕೈ ಒಡ್ಡಿದಳು.

ಫಕೀರೇಶ ಎಲ್ಲರಿಗೂ ಬಡಿಸಿ, ಕೈ ತೊಳೆದು, ತಾನಾಗಿಯೇ ತುದಿಯ ಎಲೆಗೆ ಹೋಗಿ ಕೂತ. ಬೆನ್ನು ನೆಟ್ಟಗಿತ್ತು. ತಲೆಯ ಮೇಲೆ ಸಂಗನಬಸಪ್ಪನವರ ಟೋಪಿ ಇನ್ನೂ ಇತ್ತು.

"ಈಗ ಸರಿ ಆತಲ್ರಿ ಅಜ್ಜಾರ? ತುದಿ ಎಲಿ ತನಕ ಮುಟ್ಟಿತು."

ಅಡವಯ್ಯಜ್ಜ ಅವನ ಎಲೆಗೆ ಅನ್ನ ಬಡಿಸಿದರು. ನಡುವೆ ಗುಳಿ ಮಾಡಿ ಸಾರು ಬಿಟ್ಟರು. ಒಂದು ಹನಿಯೂ ಹರಿಯಲಿಲ್ಲ. ಆಮೇಲೆ ಕಂಕುಳಿನಿಂದ ಇನ್ನೊಂದು ಎಲೆ ತೆಗೆದು, ನೀರು ಚಿಮುಕಿಸಿ, ಫಕೀರೇಶನ ಆಚೆ ಬದಿಗೆ ಹಾಸಿದರು.

ಫಕೀರೇಶ ಬಾಗಿಲ ಕಡೆ ನೋಡಿದ. ಯಾರೂ ಬರುತ್ತಿರಲಿಲ್ಲ.

"ಇದು ಯಾರಿಗ್ರಿ?"

"ಇನ್ನೂ ಹುಟ್ಟಬೇಕಾದಾವರಿಗೆ. ಹುಡುಗರಾಗಲಿ, ನಿನ್ನ ಬ್ರೌಸರ್ ಆಗಲಿ," ಅಂದರು ಅಜ್ಜ. "ಅವರ ಹೆಸರು ನನಗೂ ಗೊತ್ತಿಲ್ಲ. ಏಳು, ಮೊದಲ ಅನ್ನ ಹಾಕು."